ಕಾರಾದ್ರೆ ಪರಂಪರೆ, ಲಾರಿಯಾದ್ರೆ ಗುಜರಿ?



ಮಾಯಕೊಂಡದ ನಮ್ಮ ಕೇರಿಯಲ್ಲಿ, ನಮ್ಮನೆ ಮುಂದೆ ಒಂದು ಹಳೇ ಬೆಂಜ್ ಲಾರಿ ನಿಂತಿದೆ. ಮೂತಿ ಮುಂದಕ್ಕೆ ಚಾಚಿದ ಬಾನೆಟ್ ಲಾರಿ. ನಮ್ಮ ಅಕ್ಕನ ಮಗ, ಅವನ ಜೊತೆ ಹುಡುಗರು ಗುಜರಿಯಿಂದ ತಂದು ಒಂದೂವರೆ ವರ್ಷದಿಂದ ರಿಪೇರಿ ಮಾಡ್ತಿದ್ದಾರೆ. ಈಗ "ಊರಿನ ಅಂದ ಕೆಡ್ತಿದೆ, ತೆಗೆಸಿ" ಅಂತ ಕೆಲವರು ಅರ್ಜಿ ಕೊಟ್ಟಿದ್ದಾರೆ. ಅವರಿಗೂ, "ಆ ದುಡ್ಡು ಚಳವಳಿಗೆ ಕೊಡಬಾರದಾ" ಅಂತ ಕೇಳ್ತಿರೋ ನಮ್ಮದೇ ಸಂಗಾತಿಗಳಿಗೂ ಇದು ನನ್ನ ಉತ್ತರ.

ಮೊದಲು ಕಾನೂನು ನೋಡೋಣ. ನಾನು ಗುಮಾಸ್ತ, ಸುತ್ತೋಲೆ ಓದೋದೇ ನನ್ನ ಹೊಟ್ಟೆಪಾಡು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ವಾಹನಗಳಿಗೆ ನಿಯಮ ತಂತು. 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು. 20,000 ರೂಪಾಯಿ ಕಟ್ಟಿದ್ರೆ ಹತ್ತು ವರ್ಷಕ್ಕೆ ನೋಂದಣಿ, 'ವಿಎ' ಅಂತ ಬೇರೆ ನಂಬರ್ ಪ್ಲೇಟು. ಇದು ಯಾರಿಗೆ? ಬೈಕು, ಕಾರುಗಳಿಗೆ. ಲಾರಿಗೆ ಇಲ್ಲ! ಸಾಹುಕಾರರ ಶೆಡ್ಡಿನಲ್ಲಿ ನೆರಳು ಕಂಡ ಕಾರು ದೇಶದ ಪರಂಪರೆ. ಅದೇ ಐವತ್ತು ವರ್ಷ ದೇಶದ ಜೋಳ, ಹತ್ತಿ, ಸಿಮೆಂಟು ಹೊತ್ತ ಲಾರಿ ಗುಜರಿ. ದುಡಿಯದೇ ಇದ್ದದ್ದಕ್ಕೆ ಮರ್ಯಾದೆ, ದುಡಿದದ್ದಕ್ಕೆ ಕಟರ್. ಈ ಲೆಕ್ಕ ನಮಗೆ ಹೊಸದೇನಲ್ಲ.

ಇನ್ನೊಂದು ಷರತ್ತು ಕೇಳಿ. ವಾಹನ 'ಮೂಲರೂಪ'ದಲ್ಲೇ ಇರಬೇಕಂತೆ. ಚಾಸಿ, ಬಾಡಿ, ಇಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದಂತೆ. ಈ ಮಾತು ಕೇಳಿದ್ರೆ ನನಗೆ ಮಡಿ ನೆನಪಾಗುತ್ತೆ. ಮುಟ್ಟಿದ್ರೆ ಕೆಟ್ಟಿತು ಅನ್ನೋದು ಬಿಟ್ಟು ಬೇರೇನಿದೆ ಇದರಲ್ಲಿ?

ಲಾರಿಯ ಮೂಲರೂಪ ಯಾವುದು ಸ್ವಾಮಿ? 1954ರಲ್ಲಿ ಟೆಲ್ಕೋದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಈ ಲಾರಿ ಶುರು ಮಾಡಿದ್ರು. 1969ರಲ್ಲಿ ಒಪ್ಪಂದ ಮುಗೀತು, ಮೂತಿ ಮೇಲಿದ್ದ ನಕ್ಷತ್ರ ಹೋಯ್ತು. ಜನ ಮಾತ್ರ 'ಬೆಂಜ್ ಲಾರಿ' ಅನ್ನೋದು ಬಿಡಲಿಲ್ಲ. ಆ ಕಾಲಕ್ಕೆ ಕಂಪನಿಯಿಂದ ಬರ್ತಿದ್ದದ್ದು ಹೆಚ್ಚಾಗಿ ಚಾಸಿ, ಇಂಜಿನ್ನು ಅಷ್ಟೇ. ಹಿಂದಿನ ಬಾಡಿ ಕಟ್ಟಿದವರು ನಮ್ಮೂರುಗಳ ಬಡಗಿ, ಕಮ್ಮಾರ, ಪೇಂಟರ್. ಸಾವಿರಾರು ಮೈಲಿ ಓಡಿ ಹಲಗೆ ಸವೆದಾಗ ಹೊಸ ಹಲಗೆ, ಇಂಜಿನ್ನು ಕೂತಾಗ ಬೋರಿಂಗ್. ಬದಲಾಗಿದ್ದಕ್ಕೇ ಅದು ಬದುಕಿದ್ದು. ಬದಲಾಗದೇ ಉಳಿಯೋದು ಮೂಲೆಯಲ್ಲಿ ಕೂತು ಉಣ್ಣೋರಿಗೆ ಮಾತ್ರ ಸಾಧ್ಯ.

ನಮ್ಮ ಹುಡುಗರ ಕೆಲಸ ಬಂದು ನೋಡಿ. ಚಾಸಿಯ ತುಕ್ಕನ್ನ ಕೈಯಲ್ಲೇ ಕೆರೆದು ರೆಡ್ ಆಕ್ಸೈಡ್ ಹೊಡೆದಿದ್ದಾರೆ. ಕ್ಯಾಬಿನ್ನಿನ ತೂತುಗಳಿಗೆ ತಗಡು ಕತ್ತರಿಸಿ ಗ್ಯಾಸ್ ವೆಲ್ಡಿಂಗ್ ಮಾಡಿದ್ದಾರೆ. ಆರು ಸಿಲಿಂಡರಿನ ಇಂಜಿನ್ನು ಬಿಚ್ಚಿ, ಸಿಗದ ಬುಷ್‌ಗಳನ್ನ ಹರಿಹರದಲ್ಲಿ ಲೇತಿಗೆ ಹಾಕಿ ಮಾಡಿಸಿದ್ದಾರೆ. ಆ ಲೇತೂ ಹರಿಹರದ್ದೇ, ಮೈಸೂರು ಕಿರ್ಲೋಸ್ಕರ್. ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇತು ಇನ್ನೂ ತಿರುಗ್ತಿದೆ. ಇಷ್ಟು ವಿದ್ಯೆ ಇರೋ ಹುಡುಗರ ಹತ್ತಿರ ಒಂದು ಸರ್ಟಿಫಿಕೇಟ್ ಇಲ್ಲ. ಇದೇ ಕೆಲಸ ಸಾಹುಕಾರರ ಮಗ ಮಾಡಿದ್ರೆ 'ರೆಸ್ಟೊರೇಶನ್', 'ಪ್ಯಾಶನ್'. ನಮ್ಮ ಹುಡುಗ ಮಾಡಿದ್ರೆ 'ಮಾಡೋಕೆ ಕೆಲ್ಸ ಇಲ್ಲ'.

ಇನ್ನು ನಮ್ಮ ಸಂಗಾತಿಗಳಿಗೆ. ನನ್ನಪ್ಪ ದಾವಣಗೆರೆಯಲ್ಲಿ ಹಮಾಲಿ. ಇಂಥ ಲಾರಿಗೆ ಮೂಟೆ ಏರಿಸಿದ ಬೆನ್ನು ಅದು. ಮಳೆ ಬಂದ್ರೂ ಮಾಲೀಕರು ಕ್ಯಾಬಿನ್ನಿನಲ್ಲಿ ಕೂರಿಸ್ತಿರಲಿಲ್ಲ, ಲಾರಿ ಅಡಿಗೇ ಮಲಗಬೇಕಿತ್ತು. ದಸಂಸ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದವರೇ. ಆ ದಿನಗಳಲ್ಲಿ ನಮ್ಮ ಕೇರಿಯ ಹಿರಿಯರು ಜಾಥಾಕ್ಕೆ ಹೋಗಿದ್ದು ಎ.ಸಿ. ಬಸ್ಸಲ್ಲಲ್ಲ, ಲೋಡ್ ಇಳಿಸಿದ ಖಾಲಿ ಲಾರಿಯಲ್ಲಿ ಹಗ್ಗ ಹಿಡಿದು ನಿಂತು. ಚಳವಳಿಯ ಚರಿತ್ರೆ ಅಂದ್ರೆ ಭಾಷಣ, ಕರಪತ್ರ ಮಾತ್ರ ಅಲ್ಲ. ಈ ತಗಡೂ ಚರಿತ್ರೆ.

ಹಾಗಂತ ಇದನ್ನ ರಸ್ತೆಗೆ ಬಿಡ್ತಿಲ್ಲ. ಬಾಡಿ ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ, ಗೊತ್ತು. ಇದು ನಿಂತಲ್ಲೇ ದುಡಿಯುತ್ತೆ. ಹಿಂದಿನ ಬಾಡಿಗೆ ಮೇಲ್ಚಾವಣಿ, ಎರಡೂ ಬದಿ ಪುಸ್ತಕದ ಕಪಾಟು, ನಡುವೆ ಬೆಂಚು, ಲೈಟು. ಕೇರಿ ಮಕ್ಕಳು ಸಂಜೆ ಕೂತು ಓದೋಕೆ. ಅಪ್ಪನನ್ನ ಕೂರಿಸದ ಕ್ಯಾಬಿನ್ನಿನಲ್ಲಿ ಬಾಬಾಸಾಹೇಬರ ಫೋಟೋ.

ಊರಿನ ಅಂದದ ಬಗ್ಗೆ ಮಾತಾಡೋರಿಗೆ ಒಂದೇ ಪ್ರಶ್ನೆ. ವರ್ಷಕ್ಕೊಂದು ದಿನ ಉರುಳೋ ತೇರಿಗೆ ಊರೂರಲ್ಲೂ ಶೆಡ್ ಇದೆ, ಯಾರೂ ಅರ್ಜಿ ಕೊಡಲ್ಲ. ನಮ್ಮನೆ ಮುಂದಿನ ಲಾರಿ ಮಾತ್ರ ಕಣ್ಣಿಗೆ ಚುಚ್ಚೋದ್ಯಾಕೆ? ಹೆಸರಿಗೆ ಇದು ಮೀಸಲು ಕ್ಷೇತ್ರ. ನಮ್ಮ ಒಂದು ಲಾರಿ ನಿಲ್ಲಿಸೋಕೆ ಜಾಗ ಮೀಸಲಿಲ್ಲ.

ನಮ್ಮ ಬೇಡಿಕೆ ಮೂರು:

1. ವಿಂಟೇಜ್ ನಿಯಮಕ್ಕೆ ಲಾರಿಯನ್ನೂ ಸೇರಿಸಿ. ದುಡಿಮೆಯ ಗಾಡಿಗೆ 'ಮೂಲರೂಪ'ದ ಷರತ್ತು ತೆಗೆಯಿರಿ.
2. ಕೈಯಲ್ಲಿ ಕಲಿತ ಮೆಕ್ಯಾನಿಕ್, ಟಿಂಕರ್, ಪೇಂಟರ್‌ಗಳನ್ನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಿ.
3. ಲಾರಿ ತೆಗೆಸೋ ಮುಂಚೆ ನೋಟಿಸ್ ಕೊಡಿ, ನಮ್ಮ ಮಾತು ಕೇಳಿ. ನಾವೂ ಬರವಣಿಗೆಯಲ್ಲೇ ಉತ್ತರ ಕೊಡ್ತೀವಿ.

ಗೆಳೆಯರೇ, ಲೈಕ್ ಒತ್ತಿ ಸುಮ್ಮನಾಗಬೇಡಿ. ಮನೇಲಿ ಓದಿ ಮುಗಿಸಿದ ಪುಸ್ತಕ ಇದ್ರೆ ಕಳಿಸಿ, ಕಪಾಟು ಖಾಲಿ ಇದೆ. ಬಿಡುವಿದ್ದರೆ ಭಾನುವಾರ ಬನ್ನಿ, ಉಜ್ಜೋಕೆ ಇನ್ನೂ ತುಕ್ಕಿದೆ.

ಜೈ ಭೀಮ್.