ಉತ್ತರ ಮೊದಲೇ ಹೇಳಿಬಿಟ್ಟರೆ ಮಕ್ಕಳು ಯೋಚಿಸುವುದೆಂದು?

ಕಾಲರಾ ಹೇಗೆ ಹರಡುತ್ತದೆಂದು ಹೈಸ್ಕೂಲ್ ವಿದ್ಯಾರ್ಥಿಯೊಬ್ಬನನ್ನು ಕೇಳಿ ನೋಡಿ. ಕಲುಷಿತ ನೀರು ಮತ್ತು ಆಹಾರದಿಂದ ಎಂಬ ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ. ಅದಕ್ಕೆ ಅಂಕವೂ ದೊರೆಯುತ್ತದೆ. ಆದರೆ ಅವನದೇ ಬೀದಿಯಲ್ಲಿ ಒಂದು ವಾರದೊಳಗೆ ಹತ್ತು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರೆ, ಕಾರಣವನ್ನು ಎಲ್ಲಿಂದ ಹುಡುಕಬೇಕು, ಯಾರಲ್ಲಿ ಏನನ್ನು ವಿಚಾರಿಸಬೇಕು ಎಂಬುದು ಅವನಿಗೆ ಹೊಳೆಯುವುದೇ? ಹೊಳೆಯದಿದ್ದರೆ ತಪ್ಪು ಅವನದಲ್ಲ. ನಾವು ಅವನಿಗೆ ಉತ್ತರವನ್ನು ಕಲಿಸಿದ್ದೇವೆ, ಹುಡುಕಾಟವನ್ನಲ್ಲ.

ಇದೇ ಪಾಠವನ್ನು ಇನ್ನೊಂದು ರೀತಿಯಲ್ಲೂ ಕಲಿಸಬಹುದು. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಸ್ಫೋಟಿಸಿತು. ಸುಮಾರು ಆರು ನೂರು ಮಂದಿ ಅಸುನೀಗಿದರು. ದುರ್ಗಂಧದ ಗಾಳಿಯೇ ರೋಗಕ್ಕೆ ಕಾರಣವೆಂದು ಅಂದಿನ ವಿದ್ವಾಂಸರಲ್ಲಿ ಬಹುತೇಕರು ನಂಬಿದ್ದರು. ವೈದ್ಯ ಜಾನ್ ಸ್ನೋ ನಂಬಲಿಲ್ಲ. ಅವರು ಮನೆಮನೆಗೆ ತೆರಳಿ ವಿಚಾರಿಸಿದರು, ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಹೆಚ್ಚಿನ ಸಾವುಗಳು ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ಸುತ್ತಲೇ ಇದ್ದವು. ಆದರೆ ಸಮೀಪದಲ್ಲೇ ಇದ್ದ, 535 ಮಂದಿ ವಾಸವಿದ್ದ ಬಡವರ ಆಶ್ರಯ ಕೇಂದ್ರದಲ್ಲಿ ಸತ್ತವರು ಕೇವಲ ಐವರು. ಅತ್ತ ಮೈಲುಗಳಾಚೆ, ರೋಗವೇ ಇಲ್ಲದ ಹ್ಯಾಂಪ್‌ಸ್ಟೆಡ್‌ನಲ್ಲಿ ಓರ್ವ ವಿಧವೆ ಕಾಲರಾಕ್ಕೆ ಬಲಿಯಾದರು.

ಅಧ್ಯಾಪಕರು ಇಲ್ಲಿ ನಿಲ್ಲಿಸಬೇಕು. ಹೀಗೇಕಾಯಿತೆಂದು ಮಕ್ಕಳನ್ನೇ ಕೇಳಬೇಕು. ಅವರು ಊಹಿಸಲಿ, ವಾದಿಸಲಿ, ತಪ್ಪಲಿ. ಆಶ್ರಯ ಕೇಂದ್ರಕ್ಕೆ ಸ್ವಂತ ಬಾವಿಯಿತ್ತು, ಆ ವಿಧವೆಯಾದರೋ ರುಚಿಗಾಗಿ ಅದೇ ಪಂಪಿನ ನೀರನ್ನು ತರಿಸಿಕೊಳ್ಳುತ್ತಿದ್ದರು ಎಂಬುದನ್ನು ಅನಂತರವೇ ಹೇಳಬೇಕು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಆದರೆ ಜನರು ಊರು ಬಿಟ್ಟಿದ್ದರಿಂದ ರೋಗ ಅದಾಗಲೇ ಇಳಿಮುಖವಾಗಿತ್ತೆಂದು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ಅವರ ವಾದಕ್ಕೆ ನಿಜವಾದ ಪುರಾವೆ ಯಾವುದು? ಇದು ಮಕ್ಕಳಿಗೆ ಮತ್ತೊಂದು ಪ್ರಶ್ನೆ. ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿದ್ದು 1884ರಲ್ಲಿ, ಅಂದರೆ ಮೂವತ್ತು ವರ್ಷಗಳ ಬಳಿಕ. ಇದ್ದ ಮಾಹಿತಿಯನ್ನೇ ಹೊಸ ರೀತಿಯಲ್ಲಿ ಜೋಡಿಸಿ ನೋಡಿದ್ದೇ ಸ್ನೋ ಅವರ ಸೃಜನಶೀಲತೆ.

ನೈಜ ಪ್ರಕರಣವನ್ನು ಮುಂದಿಟ್ಟು ಕಲಿಸುವ ಈ ವಿಧಾನ ಹೊಸತೇನಲ್ಲ. ಹಾರ್ವರ್ಡ್ ಕಾನೂನು ಕಾಲೇಜಿನಲ್ಲಿ ಲ್ಯಾಂಗ್‌ಡೆಲ್ 1870ರಲ್ಲಿ ಇದನ್ನು ಆರಂಭಿಸಿದರು. ಬಳಿಕ ಅಲ್ಲಿನ ಬಿಸಿನೆಸ್ ಸ್ಕೂಲ್ ಇದನ್ನು ಬೆಳೆಸಿತು. ಅದರ ಸಹಕಾರದೊಂದಿಗೆ 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಐಐಎಂ ಇದನ್ನು ಭಾರತದಲ್ಲಿ ನೆಲೆಗೊಳಿಸಿತು. ದುರಂತವೇನೆಂದರೆ, ಲಕ್ಷಾಂತರ ರೂಪಾಯಿ ಶುಲ್ಕ ತೆರುವವರಿಗೆ ಆಲೋಚನೆಯ ತರಬೇತಿ, ಸಣ್ಣ ಪಟ್ಟಣದ ಮಕ್ಕಳಿಗೆ ನೋಟ್ಸಿನ ಕಂಠಪಾಠ ಎಂಬಂತಾಗಿದೆ. ಇಷ್ಟಕ್ಕೂ ಈ ವಿಧಾನಕ್ಕೆ ಬೇಕಿರುವುದು ಒಂದು ಕರಿಹಲಗೆ ಮತ್ತು ತಾಳ್ಮೆಯುಳ್ಳ ಓರ್ವ ಅಧ್ಯಾಪಕ ಮಾತ್ರ. ನಮ್ಮ ಪಟ್ಟಣಗಳಲ್ಲಿ ಪ್ರಕರಣಗಳಿಗೇನೂ ಬರವಿಲ್ಲ. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ಎಲ್ಲ ಓಣಿಗಳಿಗೂ ನ್ಯಾಯವಾಗಿ ಹಂಚುವುದು ಹೇಗೆ? ಗಣಿತ, ಭೂಗೋಳ, ಪೌರನೀತಿ ಮೂರೂ ಈ ಒಂದೇ ಪ್ರಶ್ನೆಯಲ್ಲಿವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠದ ಬದಲು ವಿಮರ್ಶಾತ್ಮಕ ಚಿಂತನೆಗೆ ಒತ್ತು ನೀಡಿದೆ. ಸಿಬಿಎಸ್‌ಇ ಪ್ರಶ್ನೆಪತ್ರಿಕೆಗಳಲ್ಲಿ ಪ್ರಕರಣಾಧಾರಿತ ಪ್ರಶ್ನೆಗಳೂ ಬಂದಿವೆ. ಅವು ಸ್ವಾಗತಾರ್ಹ. ಆದರೆ ಅವುಗಳಿಗೂ ಸಿದ್ಧ ಉತ್ತರಗಳ ಗೈಡ್‌ಗಳನ್ನು ಕೊಂಡು ಬಾಯಿಪಾಠ ಮಾಡಿಸುವುದಾದರೆ, ಪಂಪು ಬದಲಾದರೂ ನೀರು ಅದೇ ಆಗಿರುತ್ತದೆ.

ಹೊಣೆ ಶಾಲೆಯದು ಮಾತ್ರವಲ್ಲ. ಸಂಜೆ ಮನೆಗೆ ಬಂದ ಮಗುವಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ಅಂಕದ ಕುರಿತಾದದ್ದೇ ಆಗಿದ್ದರೆ, ತಪ್ಪುವ ಧೈರ್ಯವನ್ನು ಅದು ಎಲ್ಲಿಂದ ಪಡೆಯಬೇಕು? ಇಂದು ಯಾವ ಪ್ರಶ್ನೆ ಕೇಳಿದೆ, ಯಾವ ಉತ್ತರವನ್ನು ಒಪ್ಪಲಿಲ್ಲ ಎಂದೂ ವಿಚಾರಿಸೋಣ. ಉತ್ತರ ಬಲ್ಲವರು ಪರೀಕ್ಷೆಯನ್ನು ಗೆಲ್ಲಬಹುದು. ಬೀದಿಯಲ್ಲಿ ರೋಗ ಹರಡಿದ ದಿನ ಊರಿಗೆ ಬೇಕಾಗುವುದು, ಯಾವ ಪಂಪಿನ ಹಿಡಿಕೆ ಕಳಚಬೇಕೆಂದು ಯೋಚಿಸಬಲ್ಲವರು.