ಹಕ್ಕಿಗಳ ಪಾಲಿಗೆ ಅದು ಬೀಳಲ್ಲ

ಕಳೆದ ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಯಲಬುರ್ಗಾ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋದಾಗ ಬದುವಿನ ಮೇಲಿನ ಬನ್ನಿಮರ ಇರಲಿಲ್ಲ. ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿ ತಿರುಗಲು ಜಾಗ ಸಾಲದೆ ಅದನ್ನು ಕಡಿಸಲಾಗಿತ್ತು. ಅಣ್ಣನನ್ನು ದೂರಲಾರೆ. ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ ಮಳೆಗಾಗಿ ಮುಗಿಲು ನೋಡುವವನಿಗೆ ತುಂಡು ನೆಲದ ಬಾಡಿಗೆಯೊಂದೇ ಖಚಿತ ಆದಾಯ. ಆದರೆ ಆ ಮರದ ಮೇಲೆ ಕುಳಿತು ಮಿಡತೆ ಹಿಡಿಯುತ್ತಿದ್ದ ನೀಲಕಂಠವೂ ಅಂದು ಕಾಣಲಿಲ್ಲ.

ನೀಲಕಂಠ ನಮ್ಮ ರಾಜ್ಯಪಕ್ಷಿ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ, ಇಳಿಮುಖವಾಗಿರುವ ಇದರ ಸಂರಕ್ಷಣಾ ಸ್ಥಾನಮಾನವನ್ನು ಮರುಪರಿಶೀಲಿಸಬೇಕೆಂದು ಹೇಳಿದೆ. ಹುಲ್ಲುಗಾವಲು, ಕುರುಚಲು ಕಾಡಿನಂತಹ ಬಯಲು ನೆಲೆಗಳ ಹಕ್ಕಿಗಳೇ ಹೆಚ್ಚು ಸೊರಗುತ್ತಿವೆ ಎಂಬುದೂ ಅದೇ ವರದಿಯ ಎಚ್ಚರಿಕೆ.

ಹಕ್ಕಿ ಮತ್ತು ಒಕ್ಕಲಿನ ನಂಟು ಬರಿಯ ಅಕ್ಕರೆಯದಲ್ಲ. ಬಾಲ್ಯದಲ್ಲಿ ಜೋಳ ಹಾಲ್ದೆನೆಯಾದೊಡನೆ ನನ್ನನ್ನು ಕವಣೆ ಕೊಟ್ಟು ಅಟ್ಟಣಿಗೆ ಹತ್ತಿಸುತ್ತಿದ್ದರು. ಮಧ್ಯ ಏಷ್ಯಾದಿಂದ ಬರುವ ಗುಲಾಬಿ ಮೈನಾಗಳು ಮೋಡದಂತೆ ಇಳಿದರೆ ಹುಡುಗನ ಕೂಗಿಗೆ ಜಗ್ಗುತ್ತಿರಲಿಲ್ಲ. (ನನ್ನ ಕವಣೆಯ ಕಲ್ಲು ಒಂದು ಹಕ್ಕಿಗೂ ತಾಗಿದ ನೆನಪಿಲ್ಲ.) ತೆನೆ ತಿನ್ನುವ ಈ ಹಕ್ಕಿಯೇ ಮಿಡತೆಗಳ ಮಹಾಶತ್ರು. ಸಜ್ಜೆಯ ನಡುವೆ ತೊಗರಿ, ಹೆಸರು, ಅಲಸಂದೆಯ ಅಕ್ಕಡಿ ಸಾಲು, ಉಳುವ ಎತ್ತಿನ ಹಿಂದೆ ಹುಳು ಹೆಕ್ಕುವ ಕಾಜಾಣ, ಹುಲ್ಲು ಬೆಳೆದ ಬದುವಿನಲ್ಲಿ ಮರಿ ಮಾಡುವ ಗೌಜಲು, ಜಾಲಿಯ ಟೊಂಗೆಗೆ ಗೀಜಗನ ಗೂಡು: ಇದೆಲ್ಲ ಒಂದೇ ವ್ಯವಸ್ಥೆ. ಬದು ಒಡೆದು ಟ್ರ್ಯಾಕ್ಟರ್ ಹೊಡೆದು, ಮೆಕ್ಕೆಜೋಳವೊಂದನ್ನೇ ಬಿತ್ತಿ ಕಳೆನಾಶಕ ಸಿಂಪಡಿಸಿದಲ್ಲಿ ಅದು ಉಳಿಯುವುದಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಎರಡು ಲೋಕಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಕಣಜ. ಅಲ್ಲಿ ಬೆಳ್ಳಕ್ಕಿ, ನೀರುಹಕ್ಕಿಗಳಿಗೆ ಬರವಿಲ್ಲ. ಕುಷ್ಟಗಿ, ಯಲಬುರ್ಗಾಗಳನ್ನು 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಆ ವರದಿ ಮನುಷ್ಯರ ಬವಣೆಯನ್ನು ಸರಿಯಾಗಿಯೇ ಅಳೆಯಿತು. ಆದರೆ ಒಣನೆಲವನ್ನೆಲ್ಲ ನೀರಾವರಿಗೆ ತಂದರಷ್ಟೇ ಉದ್ಧಾರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮರುಭೂಮಿಯ ಹಕ್ಕಿಯೆಂದು ರಾಜಸ್ಥಾನ ಹೆಮ್ಮೆಪಡುವ ಎರೆಭೂತವು ಹೆಸರಿನಲ್ಲೇ ನಮ್ಮ ಎರೆಮಣ್ಣನ್ನು ಹೊತ್ತಿದೆ. ದೇಶದಲ್ಲಿ ಈಗ ಅವು 150ಕ್ಕೂ ಕಡಿಮೆ. ತುಂಗಭದ್ರೆಯಾಚೆಯ ಸಿರುಗುಪ್ಪದ ಒಣಹೊಲಗಳಲ್ಲಿ ಈ ಎರಡು ದಶಕಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. ಮುಂದೆ ಎದುರಾಗುವುದನ್ನು ಸರಿಯಾಗಿ ಕಾಣಲಾರದ ಈ ಭಾರೀ ಹಕ್ಕಿಗೆ ವಿದ್ಯುತ್ ತಂತಿ ಮೃತ್ಯುಪಾಶವೆಂಬ ಕಾರಣಕ್ಕೇ 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತ್‌ಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತ್ತು. 2024ರಲ್ಲಿ ಅದನ್ನು ಸಡಿಲಿಸಿತು.

ನಮ್ಮಲ್ಲಿ ಅಷ್ಟು ಚರ್ಚೆಯೂ ಇಲ್ಲ. ಕುರಿ ಮೇಯುವ ಗೈರಾಣ, ಕುರುಚಲು ದಿಬ್ಬಗಳು ದಾಖಲೆಯಲ್ಲಿ ಬರಿಯ ಬೀಳು. ಬೀಳೆಂದ ಮೇಲೆ ಅಲ್ಲಿ ಏನನ್ನು ನಿಲ್ಲಿಸಿದರೂ ಅದು ಅಭಿವೃದ್ಧಿಯೇ! 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಯೋಜನೆಗಳ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಸ್ಥಾವರಗಳೇ ಇಲ್ಲ. ಹಸಿರು ಇಂಧನ ಬೇಡವೆಂದು ನಾನು ಹೇಳುತ್ತಿಲ್ಲ. ಕಲ್ಲಿದ್ದಲಿಗಿಂತ ಅದು ಮೇಲು. ಯಂತ್ರ ನೆಡುವ ಮುನ್ನ ಒಂದು ಚಳಿಗಾಲವಾದರೂ ಅಲ್ಲಿನ ಹಕ್ಕಿಗಳನ್ನು ಎಣಿಸಲಿ ಎನ್ನುತ್ತೇನೆ. ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡಲು ‘ರೈತ ಸಿರಿ’ ರೂಪಿಸಿದ ಸರ್ಕಾರಕ್ಕೆ, ಬದುವಿನ ಮರ ಉಳಿಸಿ ಅಕ್ಕಡಿ ಬಿತ್ತುವವನಿಗೂ ಅಂತಹ ನೆರವು ನೀಡುವುದು ಅಸಾಧ್ಯವೇನಲ್ಲ. ಗಾಳಿಯಂತ್ರದ ಬಾಡಿಗೆಗೆ ಅದು ಸಮನಾಗದೆ ಇರಬಹುದು. ಆದರೂ ಮುಂದಿನ ಸಲ ಲಾರಿ ಬಂದು ನಿಂತಾಗ ಅಣ್ಣನಿಗೆ ಇಲ್ಲವೆನ್ನಲು ಒಂದು ಕಾರಣವಾದರೂ ಇರುತ್ತಿತ್ತು.