ಹೋಗುವವನಿಗೆ ಹತ್ತು ಬಾಗಿಲು, ಮರಳಿ ಬಂದವನಿಗೆ ಒಂದೂ ಇಲ್ಲ

ಜನವರಿ 9ನ್ನು ನಮ್ಮ ದೇಶವು ಪ್ರವಾಸಿ ಭಾರತೀಯ ದಿವಸ್ ಎಂದು ಆಚರಿಸುತ್ತದೆ. 2003ರಲ್ಲಿ ಆರಂಭವಾದ ಈ ಆಚರಣೆಗೆ ಆ ದಿನಾಂಕವನ್ನೇ ಆರಿಸಿದ್ದಕ್ಕೆ ಕಾರಣವಿದೆ. 1915ರ ಜನವರಿ 9ರಂದು ಗಾಂಧೀಜಿಯವರು ದಕ್ಷಿಣ ಆಫ್ರಿಕಾದಿಂದ ಮುಂಬಯಿಗೆ ಬಂದಿಳಿದರು. ಅಂದರೆ ಈ ದಿನವು ದೇಶ ಬಿಟ್ಟು ಹೋದವನ ಸ್ಮರಣೆಯಲ್ಲ, ಮರಳಿ ಬಂದವನ ಸ್ಮರಣೆ. ಆದರೆ ಆ ದಿನದ ಹೆಸರಿನಲ್ಲಿ ನಡೆಯುವ ಸಮ್ಮೇಳನಗಳ ವೇದಿಕೆಯಲ್ಲಿ ಕುಳಿತಿರುವವರನ್ನು ನೋಡಿರಿ. ಅಲ್ಲಿ ಬಂಡವಾಳ ಹೂಡುವವರಿದ್ದಾರೆ, ಪ್ರಶಸ್ತಿ ಪಡೆಯುವವರಿದ್ದಾರೆ. ಎರಡು ಸೂಟ್‌ಕೇಸ್ ಮತ್ತು ಒಂದು ಮೊಣಕಾಲು ನೋವಿನೊಂದಿಗೆ ದಮ್ಮಾಮಿನಿಂದ ಮರಳಿದ ಐವತ್ತರ ಮನುಷ್ಯನಿಗೆ ಅಲ್ಲಿ ಕುರ್ಚಿಯಿಲ್ಲ. 2017ರ ಜನವರಿಯಲ್ಲಿ ಈ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿಯೇ, ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ಅಲ್ಲಿ ಪ್ರಧಾನಿಯವರು ಘೋಷಿಸಿದ ಪ್ರವಾಸಿ ಕೌಶಲ್ಯ ವಿಕಾಸ ಯೋಜನೆಯು ಯಾರಿಗಾಗಿ? ಹೊರದೇಶಕ್ಕೆ ಕೆಲಸಕ್ಕೆ ಹೋಗಲಿರುವ ಯುವಕರಿಗಾಗಿ.

ನಮ್ಮ ವಲಸೆ ನೀತಿಯ ಮುಖವೆಲ್ಲ ಹೊರಡುವ ದಿಕ್ಕಿಗೇ ತಿರುಗಿದೆ. 1983ರ ವಲಸೆ ಅಧಿನಿಯಮವು ಏಜೆಂಟನ ಪರವಾನಗಿಯನ್ನು ಕುರಿತು ಮಾತನಾಡುತ್ತದೆ, ಹೊರಡುವವನ ಅನುಮತಿಯನ್ನು ಕುರಿತು ಮಾತನಾಡುತ್ತದೆ. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟ್ ಹದಿನೆಂಟು ದೇಶಗಳಿಗೆ ತಪಾಸಣೆಯಿಲ್ಲದೆ ಸಾಗುವುದಿಲ್ಲ, ಆ ಹದಿನೆಂಟರಲ್ಲಿ ಕೊಲ್ಲಿಯ ಆರೂ ರಾಷ್ಟ್ರಗಳಿವೆ. ಇ-ಮೈಗ್ರೇಟ್ ಇದೆ, ಹೊರಡುವ ಮುನ್ನ ತರಬೇತಿ ಇದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ಒಳ್ಳೆಯದೇ. ಆದರೆ ಹದಿನೆಂಟು ವರ್ಷ ದುಡಿದು ಸಾಯದೆ, ಕೈಕಾಲು ಕಳೆದುಕೊಳ್ಳದೆ, ಕೇವಲ ಬಳಲಿ, ಸಕ್ಕರೆ ಕಾಯಿಲೆ ಹಚ್ಚಿಕೊಂಡು, ಕೆಲಸ ಕಳೆದುಕೊಂಡು ಬಂದವನಿಗೆ ಈ ವಿಮೆಯಲ್ಲಿ ಬದುಕು ಕಟ್ಟಿಕೊಳ್ಳಲು ಏನೂ ಇಲ್ಲ.

ಮರಳುವವನನ್ನು ನೆನೆದು ಮಾಡಿದ ಯೋಜನೆಯೊಂದು ಇತ್ತು. 2012ರಲ್ಲಿ ಬಂದ ಮಹಾತ್ಮಾ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆಯಲ್ಲಿ ಪಿಂಚಣಿಯ ಜೊತೆಗೆ ‘ಮರಳುವಿಕೆ ಮತ್ತು ಪುನರ್ವಸತಿ’ಗೆಂದೇ ಪ್ರತ್ಯೇಕ ಉಳಿತಾಯದ ಭಾಗವಿತ್ತು. ಸೇರಿದವರು ತೀರಾ ಕಡಿಮೆ ಎಂಬ ಕಾರಣಕ್ಕೆ 2017ರಲ್ಲಿ ಅದನ್ನು ಮುಚ್ಚಲಾಯಿತು. ಲೇಬರ್ ಕ್ಯಾಂಪಿನಲ್ಲಿ ಹತ್ತು ಗಂಟೆ ದುಡಿದು ಬಂದವನಿಗೆ ಈ ಯೋಜನೆಯ ಸುದ್ದಿಯನ್ನು ಯಾರು, ಯಾವ ಭಾಷೆಯಲ್ಲಿ ಮುಟ್ಟಿಸಿದರು? ಜನ ಬರಲಿಲ್ಲವೆಂದು ಅಂಗಡಿ ಮುಚ್ಚುವ ಮೊದಲು ಅಂಗಡಿಗೆ ದಾರಿ ಇತ್ತೇ ಎಂದು ನೋಡಬೇಕಿತ್ತು.

ನಂತರ ಕೋವಿಡ್ ಬಂದಿತು. 2020ರ ಮೇ 7ರಂದು ವಂದೇ ಭಾರತ್ ವಿಮಾನಗಳು ಆರಂಭವಾದವು. ಬೆಂಗಳೂರಿಗೆ ಮೊದಲು ಬಂದದ್ದು ಮೇ 11ರಂದು, ಲಂಡನ್ನಿನಿಂದ. ಮರುದಿನ ದುಬೈನಿಂದ ಮಂಗಳೂರಿಗೆ ವಿಮಾನ ಇಳಿಯಿತು. ದೂರದರ್ಶನದಲ್ಲಿ ಇದನ್ನು ಉಪಕಾರದಂತೆ ತೋರಿಸಿದರು. ಟಿಕೆಟಿನ ಹಣ ಮಾತ್ರ ಪ್ರಯಾಣಿಕನದೇ. ಬಂದಿಳಿದ ಮೇಲೆ ಕ್ವಾರಂಟೈನ್, ಅದಕ್ಕೆ ಹೋಟೆಲುಗಳನ್ನು ದರ್ಜೆ ಮಾಡಿ ದರ ನಿಗದಿಪಡಿಸಿದ್ದರು. ಮೂರು ತಿಂಗಳ ಸಂಬಳ ಬಾಕಿ ಬಿಟ್ಟು ಬಂದವನು ಯಾವ ದರ್ಜೆಯನ್ನು ಆರಿಸಬೇಕಿತ್ತೋ! ಆ ವಿಮಾನಗಳಲ್ಲಿ ಬಂದವರಿಗಾಗಿ ಮೇ ಕೊನೆಯಲ್ಲಿ ‘ಸ್ವದೇಸ್’ ಎಂಬ ಕೌಶಲ್ಯ ಕಾರ್ಡ್ ಘೋಷಣೆಯಾಯಿತು. ಆನ್‌ಲೈನ್ ನಮೂನೆಯಲ್ಲಿ ಉದ್ಯೋಗದ ಹೆಸರು, ಅನುಭವದ ವರ್ಷ ತುಂಬಬೇಕು, ಕಂಪನಿಗಳು ಆ ಪಟ್ಟಿಯನ್ನು ನೋಡಿ ಕರೆಯುತ್ತವೆ ಎಂದರು. ನಮ್ಮ ಮೊಹಲ್ಲಾದಲ್ಲಿ ಅದನ್ನು ತುಂಬಲು ಮೂವರಿಗೆ ನಾನೇ ನೆರವಾದೆ. ಒಬ್ಬರಿಗೂ ಕರೆ ಬರಲಿಲ್ಲ.

ಅದೇ ಮೇ ತಿಂಗಳ ಮೊದಲ ವಾರದಲ್ಲಿ ಇದೇ ಬೆಂಗಳೂರಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಊರಿಗೆ ಹೊರಟಿದ್ದ ಬಿಹಾರ, ಉತ್ತರ ಪ್ರದೇಶದ ಕಟ್ಟಡ ಕಾರ್ಮಿಕರ ರೈಲುಗಳನ್ನು, ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ಬಳಿಕ, ಅಂದಿನ ರಾಜ್ಯ ಸರ್ಕಾರವು ರದ್ದುಗೊಳಿಸಿತು. ಟೀಕೆಯ ನಂತರ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು. ನಮ್ಮವರು ರಿಯಾದಿನಲ್ಲಿ ಕಫೀಲನ ಅನುಮತಿಗಾಗಿ ಕಾದಂತೆ ಅವರು ಇಲ್ಲಿ ಕಾದರು. ದುಡಿಯುವವನು ಬೇಕು, ಮನೆಗೆ ಹೋಗುವವನು ಬೇಡ ಎಂಬ ಧೋರಣೆಗೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ಈಗ ಮರಳಿದವನ ದಿನಚರಿಯನ್ನು ನೋಡೋಣ. ನನಗೆ ಪರಿಚಿತರಾದ, ಪಾದರಾಯನಪುರದ ಒಬ್ಬರು ಹದಿನೈದು ವರ್ಷ ದಮ್ಮಾಮ್-ರಿಯಾದ್ ರಸ್ತೆಯಲ್ಲಿ ಟ್ರೇಲರ್ ಓಡಿಸಿದವರು. ಇಲ್ಲಿಯ ಅವರ ಲೈಸೆನ್ಸಿನ ಅವಧಿ ಎಂದೋ ಮುಗಿದಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಸೌದಿಯ ಲೈಸೆನ್ಸ್, ಸೌದಿಯ ಅನುಭವ ಇಲ್ಲಿ ಲೆಕ್ಕಕ್ಕಿಲ್ಲ. ಮಗನ ವಯಸ್ಸಿನ ಹುಡುಗರ ಸಾಲಿನಲ್ಲಿ ನಿಂತು ಅವರು ಪರೀಕ್ಷೆ ಕೊಟ್ಟರು. ರಸ್ತೆ ಸುರಕ್ಷತೆಗಾಗಿ ಪರೀಕ್ಷೆ ಇರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ವಿದೇಶದಲ್ಲಿ ದುಡಿದ ಚಾಲಕ, ವೆಲ್ಡರ್, ಎಲೆಕ್ಟ್ರಿಶಿಯನ್‌ಗಳ ಅನುಭವವನ್ನು ಪರಿಶೀಲಿಸಿ ಒಂದು ಪ್ರಮಾಣಪತ್ರ ಕೊಡುವ ಕೌಂಟರ್ ವಿಮಾನ ನಿಲ್ದಾಣದಲ್ಲೋ ಜಿಲ್ಲಾಡಳಿತ ಕಚೇರಿಯಲ್ಲೋ ಇದ್ದರೆ ಏನು ನಷ್ಟ? ರೇಷನ್ ಕಾರ್ಡಿನ ಕಥೆಯೂ ಹೀಗೆಯೇ. ಊರಲ್ಲಿಲ್ಲದವನು ಬೆರಳಚ್ಚು ಕೊಡಲಾಗುವುದಿಲ್ಲ, ಹೆಸರು ಬಿದ್ದುಹೋಗುತ್ತದೆ, ಮರಳಿ ಸೇರಿಸಲು ಅಲೆಯಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಸಾಲ ಕೇಳಲು ಹೋದರೆ ಆದಾಯ ಪ್ರಮಾಣಪತ್ರ ಬೇಕು. ಕಳೆದ ವರ್ಷದ ರಿಯಾಲನ್ನು ರೂಪಾಯಿಗೆ ತಿರುಗಿಸಿದರೆ ಅವನು ಸಿರಿವಂತ, ಈ ತಿಂಗಳ ಅಡುಗೆಮನೆಯನ್ನು ನೋಡಿದರೆ ಫಕೀರ. ಕಾಗದಕ್ಕೆ ಕಳೆದ ವರ್ಷವಷ್ಟೇ ಕಾಣುತ್ತದೆ.

ನಾನು ಶಿಕ್ಷಕನಾದ್ದರಿಂದ ಮಕ್ಕಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. 2017ರ ಜುಲೈಯಿಂದ ಸೌದಿ ಅರೇಬಿಯಾವು ವಲಸಿಗರ ಪ್ರತಿಯೊಬ್ಬ ಅವಲಂಬಿತರ ಮೇಲೂ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿರುವವನು ವರ್ಷಕ್ಕೆ 19,200 ರಿಯಾಲ್ ಕಟ್ಟಬೇಕು. ತಂದೆ ಅಲ್ಲಿಯೇ ಉಳಿದ, ಮನೆಯವರು ‘ಖುರೂಜ್ ನಿಹಾಯಿ’ ಮುದ್ರೆ ಒತ್ತಿಸಿಕೊಂಡು ಇಲ್ಲಿಗೆ ಬಂದರು. ಜಿದ್ದಾದಲ್ಲಿ ಹುಟ್ಟಿ ಅಲ್ಲಿಯ ಭಾರತೀಯ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ಓದಿದ ಹುಡುಗಿ ಚಾಮರಾಜಪೇಟೆಗೆ ಬಂದು ಶಾಲೆ ಸೇರಿದಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಬೀದಿಯಲ್ಲಿ ಅರಬಿ ಕಲಿತವಳು ಹದಿಮೂರನೆಯ ವಯಸ್ಸಿನಲ್ಲಿ ಅ ಆ ಇ ಈ ತಿದ್ದತೊಡಗಿದಳು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಕನ್ನಡವನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿದೆ. ಕನ್ನಡದಲ್ಲಿ ಪದವಿ ಪಡೆದವನಾಗಿ ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ನಮ್ಮ ಮಕ್ಕಳು ಕನ್ನಡ ಕಲಿಯಲೇಬೇಕು. ಆದರೆ ಒಂಬತ್ತನೇ ತರಗತಿಯ ಪದ್ಯಪಾಠವನ್ನು ಅಕ್ಷರವೇ ಬಾರದ ಮಗುವಿನ ಮುಂದಿಟ್ಟು ಕಡ್ಡಾಯ ಎಂದರೆ ಅದು ಭಾಷಾಪ್ರೇಮವಾಗುವುದಿಲ್ಲ. ಆರು ತಿಂಗಳ ಸೇತುಬಂಧ ತರಗತಿ ಎಲ್ಲಿ? ಕನ್ನಡ ಸಾಹಿತ್ಯ ಪರಿಷತ್ತು ನಮ್ಮ ಚಾಮರಾಜಪೇಟೆಯಲ್ಲಿಯೇ ಇದೆ. ಅದು ಹುಟ್ಟಿದ್ದೂ ಗಾಂಧೀಜಿ ಮರಳಿದ ಆ 1915ರಲ್ಲಿಯೇ. ಅದರ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಈ ಮಕ್ಕಳಿಗೆ ಸಂಜೆಯ ತರಗತಿ ನಡೆಸುವುದು ಪರಿಷತ್ತಿಗೂ ಕಷ್ಟವಾಗಲಾರದು, ನಮ್ಮ ಮದ್ರಸಗಳಿಗೂ ಆಗಲಾರದು.

ಮುಂದೆ ಸಿಇಟಿ ಬರುತ್ತದೆ. ವೃತ್ತಿಶಿಕ್ಷಣದ ಸರ್ಕಾರಿ ಸೀಟಿಗೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಮಗು ಓದಿಲ್ಲದಿದ್ದರೂ ತಂದೆ ಅಥವಾ ತಾಯಿ ಏಳು ವರ್ಷ ಇಲ್ಲಿ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿದರೆ ಅವಕಾಶವಿದೆ. ಈ ನಿಯಮವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಓದಿದ ತಂದೆತಾಯಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿ ಅಲ್ಲಿಂದ ಗಲ್ಫಿಗೆ ಹೋದವನ ಮಗಳಿಗೆ, ತಾಯಿಯೂ ಓದಿರದಿದ್ದರೆ, ಆ ಬಾಗಿಲೂ ಮುಚ್ಚಿದೆ. ತಂದೆಗೆ ಸಿಗದ ಶಾಲೆಯ ದಂಡವನ್ನು ಮಗಳು ಕಟ್ಟಬೇಕು.

‘ಇವರು ಸ್ವಇಚ್ಛೆಯಿಂದ ಹೋದವರು, ಸಂಪಾದಿಸಿದವರು, ಸರ್ಕಾರವೇಕೆ ಹೊರಬೇಕು?’ ಎಂದು ಕೇಳುವವರಿದ್ದಾರೆ. 2023-24ರಲ್ಲಿ ಹೊರನಾಡಿನ ಭಾರತೀಯರು ಈ ದೇಶಕ್ಕೆ ಕಳುಹಿಸಿದ ಹಣ 118.7 ಬಿಲಿಯನ್ ಡಾಲರ್, ಅದರಲ್ಲಿ ಕರ್ನಾಟಕದ ಪಾಲು ಶೇ. 7.7 ಎಂದು ರಿಸರ್ವ್ ಬ್ಯಾಂಕಿನ ಸಮೀಕ್ಷೆಯೇ ಹೇಳುತ್ತದೆ. ಆ ಡಾಲರನ್ನು ಎಣಿಸುವಾಗ ಇದು ಅವರ ಸ್ವಂತ ವಿಷಯ ಎಂದು ಯಾರೂ ಹೇಳಲಿಲ್ಲ. ಪಕ್ಕದ ಕೇರಳವನ್ನು ನೋಡಿರಿ. 1996ರಲ್ಲಿಯೇ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆ, 1998ರಿಂದ ವಲಸೆ ಸಮೀಕ್ಷೆ, 2008ರ ಕಾನೂನಿನಡಿ ಪ್ರವಾಸಿಗಳ ಕಲ್ಯಾಣ ಮಂಡಳಿ ಮತ್ತು ಪಿಂಚಣಿ, ಮರಳಿದವನ ಉದ್ಯಮಕ್ಕೆ ಶೇ. 15ರಂತೆ 3 ಲಕ್ಷದವರೆಗೆ ಸಹಾಯಧನ. ಅಲ್ಲಿಯೂ ದೂರುಗಳಿಲ್ಲವೆಂದಲ್ಲ. ಆ ಸಹಾಯಧನವೂ ಬ್ಯಾಂಕಿನ ಬಡ್ಡಿ ಸಾಲಕ್ಕೇ ಅಂಟಿಕೊಂಡಿದೆ, ಬಡ್ಡಿಗೆ ಅಂಜುವವನು ಅಲ್ಲಿಯೂ ಹೊರಗೇ ಉಳಿಯುತ್ತಾನೆ. ಆದರೂ ಎಷ್ಟು ಜನ ಮರಳಿದರೆಂದು ಕೇಳಿದರೆ ಕೇರಳದ ಬಳಿ ಉತ್ತರವಿದೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ನೀತಿಯ ಕಡತವೂ ಇದೆ, ಮರಳಿದವರ ಎಣಿಕೆ ಮಾತ್ರ ಇಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರವು 1983ರ ಕಾನೂನಿನ ಬದಲಿಗೆ ಹೊಸ ಮಸೂದೆಯ ಕರಡನ್ನು ಪ್ರಕಟಿಸಿತು. ಅದರಲ್ಲಿ ಮರಳಿದವರ ಪುನರ್ವಸತಿಯ ಮಾತು ಬಂದಿದೆ. ಮಾತಿಗೆ ಹಣ, ಕಚೇರಿ, ಹೊಣೆಗಾರ ಅಧಿಕಾರಿ ಜೋಡಣೆಯಾಗದಿದ್ದರೆ ಅದು ಇನ್ನೊಂದು ‘ಸ್ವದೇಸ್’ ಕಾರ್ಡ್ ಅಷ್ಟೆ.

ಸರ್ಕಾರವನ್ನು ಇಷ್ಟು ಕೇಳಿದ ಮೇಲೆ ನಮ್ಮನ್ನೇ ಕೇಳಿಕೊಳ್ಳದಿದ್ದರೆ ಅನ್ಯಾಯವಾದೀತು. ಬಾಕಿ ಸಂಬಳ ನುಂಗಿದ ಎಷ್ಟೋ ಕಫೀಲರು ನಮಾಝಿನ ಸಫ್ಫಿನಲ್ಲಿ ನಿಲ್ಲುವವರೇ. ಕೂಲಿಕಾರನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿ(ಸ)ರ ಆಜ್ಞೆ ಅವರಿಗೆ ತಿಳಿಯದ್ದಲ್ಲ. ಇನ್ನು ಇಲ್ಲಿಯ ಜಮಾಅತ್‌ಗಳಾದ ನಾವು? ಅವನು ರಿಯಾಲ್ ಕಳುಹಿಸುತ್ತಿದ್ದಾಗ ಮಸ್ಜಿದಿನ ಮಿನಾರಕ್ಕೆ, ಮದ್ರಸದ ಮಹಡಿಗೆ, ಅಕ್ಕನ ಮಗಳ ನಿಕಾಹ್‌ಗೆ ಅವನ ಹೆಸರನ್ನೇ ಮೊದಲು ಬರೆದೆವು. ರಜೆಗೆ ಬಂದಾಗ ಮೊದಲ ಸಾಲಿನಲ್ಲಿ ಕೂರಿಸಿದೆವು. ಖಾಲಿ ಕೈಯಲ್ಲಿ ಬಂದು ಕೆಲಸ ಕೇಳಿದಾಗ ‘ಸಬ್ರ್ ಮಾಡಿ ಭಾಯ್, ಅಲ್ಲಾಹನು ಕೊಡುತ್ತಾನೆ’ ಎಂದೆವು. ಸಬ್ರ್ ಎಂಬುದು ಸಂಕಟದಲ್ಲಿರುವವನು ತಾನೇ ತನಗೆ ಹೇಳಿಕೊಳ್ಳಬೇಕಾದ ಮಾತು. ಝಕಾತ್ ಕಟ್ಟಬೇಕಾದವನು ಅದನ್ನು ಇನ್ನೊಬ್ಬನಿಗೆ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಮದೀನಾದಲ್ಲಿ ಪ್ರವಾದಿ(ಸ)ರು ಮುಹಾಜಿರ್‌ಗಳನ್ನು ಅನ್ಸಾರ್‌ಗಳ ಜೊತೆ ಸಹೋದರರನ್ನಾಗಿ ಜೋಡಿಸಿದ್ದು ಕೇವಲ ಸಂತೈಸಲಿಕ್ಕಲ್ಲ. ಒಬ್ಬನಿಗೆ ಒಬ್ಬ ಎಂದು ಹೆಸರು ಹಿಡಿದು ಹೊಣೆ ವಹಿಸಿದ್ದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟರು. ಅವರು ಅದನ್ನು ಸ್ವೀಕರಿಸದೆ ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಈ ಪ್ರಸಂಗವನ್ನು ಭಾಷಣಗಳಲ್ಲಿ ಹೇಳುವಾಗ ನಾವು ಎರಡನೆಯವರ ಸ್ವಾಭಿಮಾನವನ್ನೇ ಹೊಗಳುತ್ತೇವೆ, ಮೊದಲನೆಯವರ ಅರ್ಧ ಸಂಪತ್ತನ್ನು ಬೇಗನೆ ದಾಟಿಬಿಡುತ್ತೇವೆ. ಮಾರುಕಟ್ಟೆಯ ದಾರಿ ತೋರಿಸುವವನೂ ಬೇಕಲ್ಲವೇ? ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯಗಳಲ್ಲಿ ನಮ್ಮವರ ಅಂಗಡಿಗಳಿಗೆ ಕೊರತೆಯಿಲ್ಲ.

ಝಕಾತಿನ ವಿಷಯದಲ್ಲಿ ಒಂದು ಫಿಕ್ಹೀ ಸೂಕ್ಷ್ಮವನ್ನೂ ಹೇಳಬೇಕು. ಸೂರಃ ತೌಬಾದ 60ನೆಯ ಆಯತ್ ಸೂಚಿಸುವ ಎಂಟು ವರ್ಗಗಳಲ್ಲಿ ‘ಇಬ್ನುಸ್ಸಬೀಲ್’ ಅಂದರೆ ದಾರಿಹೋಕ ಇದ್ದಾನೆಂದು ಕೆಲವರು ಮರಳಿದವನನ್ನು ಅದರಲ್ಲಿ ಸೇರಿಸುತ್ತಾರೆ. ಮನೆ ಸೇರಿದವನು ದಾರಿಹೋಕನಲ್ಲ. ಆದರೆ ಅವನಲ್ಲಿ ಬಹುಮಂದಿ ‘ಗಾರಿಮ್’ ವರ್ಗಕ್ಕೆ ಸೇರುತ್ತಾರೆ. ವೀಸಾಗೆಂದು ಏಜೆಂಟನಿಗೆ ಕೊಟ್ಟ ಸಾಲ, ತಂಗಿಯ ಮದುವೆಯ ಸಾಲ, ತೀರಿಸಲು ಆಸ್ತಿಯಿಲ್ಲದ ಸಾಲ ಅವರ ಹೆಗಲ ಮೇಲಿರುತ್ತದೆ. ಹಕ್ಕು ಸ್ಪಷ್ಟವಾಗಿದೆ. ಆದರೆ ನಮ್ಮ ಬೈತುಲ್ ಮಾಲ್‌ಗಳ ಅರ್ಜಿಗಳಲ್ಲಿ ವಿಧವೆ, ಯತೀಮ್, ರೋಗಿ, ವಿದ್ಯಾರ್ಥಿ ಎಂಬ ಅಂಕಣಗಳಿವೆ, ಸಾಲಗಾರ ಎಂಬ ಅಂಕಣವನ್ನು ನಾನು ಕಂಡದ್ದು ಅಪರೂಪ. ಗಟ್ಟಿಮುಟ್ಟಾದ ಗಂಡಸು ಬಂದು ಕೇಳಲಾರನೆಂದು ನಮಗೆ ಗೊತ್ತಿದೆ, ಕೇಳದಿರುವುದೇ ನಮಗೆ ಅನುಕೂಲವಾಗಿದೆ.

ಅರ್ಜಿ ನಮೂನೆಗಳು ಶಅಬಾನ್ ತಿಂಗಳಿನಲ್ಲಿ ಅಚ್ಚಿಗೆ ಹೋಗುತ್ತವೆ. ಅದಕ್ಕೆ ಮುನ್ನ ನಿಮ್ಮ ಮಸ್ಜಿದಿನ ಸಮಿತಿಯವರಲ್ಲಿ ಎರಡು ಸಾಲು ಸೇರಿಸಲು ಹೇಳಿರಿ: ವಿದೇಶದಿಂದ ಮರಳಿದ ವರ್ಷ, ಉಳಿದಿರುವ ಸಾಲ. ಅರ್ಜಿಯನ್ನು ಮನೆಗೇ ಮುಟ್ಟಿಸಿರಿ. ಇನ್ನೂ ಅಲ್ಲಿಯೇ ಇರುವ ನಿಮ್ಮ ತಮ್ಮನಿಗೋ ಅಳಿಯನಿಗೋ ಇಂದೇ ಫೋನ್ ಮಾಡಿ ಹೇಳಿರಿ. ಸಂಬಳ ಬಾಕಿಯಿದ್ದರೆ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸದೆ, ರಾಯಭಾರ ಕಚೇರಿಯಲ್ಲಿ ಅಧಿಕಾರಪತ್ರ ಮಾಡಿಕೊಡದೆ ಎಗ್ಝಿಟ್ ಹೊಡೆಸಿಕೊಂಡು ಬರಬೇಡ, ಬಂದ ಮೇಲೆ ಆ ಹಣವನ್ನು ವಸೂಲಿ ಮಾಡುವುದು ಬಹಳ ಕಷ್ಟ, ಮತ್ತು ಊರಿಗೆ ರಜೆಗೆ ಬಂದಾಗಲೇ ಲೈಸೆನ್ಸನ್ನು ನವೀಕರಿಸಿಕೋ ಎಂದು.